ಅರ್ಧಾಂಶದ ನ್ಯಾಯ

ಅಪೂರ್ಣಾಂಕವನ್ನು ಸಮೀಪದ ಪೂರ್ಣಾಂಕಕ್ಕೆ ತರುವದು ಗಣಿತದಲ್ಲಿ ಬಹು ಹಳೆಯ ರೂಢಿಯು. ಕ್ರಿ. ಶ. 499ರಲ್ಲಿ ಆರ್ಯಭಟನು 20000 ವ್ಯಾಸವುಳ್ಳ ವೃತ್ತಕ್ಕೆ 62832 ಪರಿಧಿಯೆಂದು ಹೇಳಿ, ಅದು ಆಸನ್ನವೆಂದೂ ಸ್ಪಷ್ಟಪಡಿಸಿದನು. ಶೇಷವು ಅರ್ಧಕ್ಕೆ ಕಡಿಮೆಯಾದರೆ ಬಿಡುವದು, ಹೆಚ್ಚಾದರೆ ಒಂದೆಂದೆಣಿಸುವದು ಸುಲಭವಾದುದು. ಆದರೆ ಶೇಷವು ಸರಿಯಾಗಿ ಅರ್ಧವೇ ಇದ್ದರೆ ಅದು ಯಾರ ಪಾಲಿಗೆ ಸಲ್ಲತಕ್ಕದ್ದು? ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ನಮ್ಮ ಕಾಗಿನೆಲೆ, ಬ್ಯಾಡಗಿಗಳ ಅಂಗಡಿಗಳಿಗೂ ಈ ಪ್ರಶ್ನೆಯು ಒಮ್ಮೆ ಬಂದಿತು.

1955ರಲ್ಲಿ ನಾಣ್ಯದ ಕಾಯಿದೆಯು ತಿದ್ದಲ್ಪಟ್ಟು, 1957ನೆಯ ಇಸವಿ ಏಪ್ರಿಲ್ 1ರಿಂದ 16 ಆಣೆಯ ರೂಪಾಯಿಯು 100 ನಯೇ ಪೈಸೆಗಳದಾಯಿತು. ಆಣೆಗೆ ಆರೂಕಾಲು ಪೈಸೆ ಬರುವದು. ಕಾಲು ಪೈಸೆಯ ನಾಣ್ಯವಾದರೋ ಇಲ್ಲ. ಹಳೆಯ ಹೊಸ ನಾಣ್ಯಗಳೆರಡೂ ಕೆಲಕಾಲ ಕೂಡಿಯೇ ನಡೆದುದರಿಂದ ಒಂದು ನಿಯಮವು ಅವಶ್ಯವಾಯಿತು. ಅರ್ಧವನ್ನೂ ಅದಕ್ಕೆ ಕಡಿಮೆಯಾದುದನ್ನೂ ಬಿಡತಕ್ಕದ್ದೆಂದು ಗೊತ್ತಾಯಿತು. ಆ ಪ್ರಕಾರ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಪೈಸೆಗಳಾದವು.

ರೂಪಾಯಿಯ ಒಳಗೆ ಅರ್ಧ ಪೈಸೆಯು ಉಳಿಯುವ ಆಣೆಗಳು ನಾಲ್ಕೇ: 2, 6, 10, 14. ಇವುಗಳ ನಿಜವಾದ ಬೆಲೆಯನ್ನು ಕೂಡಿಸಿದರೆ 200 ಪೈಸೆ. ಕಾಯಿದೆಯ ಮೇರೆಗೆ 12, 37, 62, 87 ಸೇರಿ 198 ಆಗುವದು. ಅರ್ಧವನ್ನು ಮೇಲಕ್ಕೇರಿಸುವ ಶಾಲೆಯ ಪದ್ಧತಿಯಿಂದ 13, 38, 63, 88 ಸೇರಿ 202. ಅರ್ಧವು ಬಂದಾಗ ಸಮೀಪದ ಸಮಸಂಖ್ಯೆಯನ್ನೇ ಹಿಡಿಯುವ ಮೂರನೆಯ ಪದ್ಧತಿಯಿಂದ 12, 38, 62, 88 ಸೇರಿ ಯಥಾರ್ಥವಾದ 200. ಮೊದಲನೆಯದರಲ್ಲಿ ಪಡೆಯುವವನಿಗೆ ನಷ್ಟ, ಎರಡನೆಯದರಲ್ಲಿ ಕೊಡುವವನಿಗೆ ನಷ್ಟ. ಮೂರನೆಯದು ನಷ್ಟವನ್ನು ಇಬ್ಬರಿಗೂ ಹಂಚುವದು.

ಈಗ ಲೆಕ್ಕವೆಲ್ಲವೂ ಗಣಕಯಂತ್ರದ ಪಾಲಾಗಿದೆ. 1985ರಲ್ಲಿ ಪ್ರಕಟವಾದ ಐಇಇಇ 754 ಎಂಬ ಮಾನದಂಡವು ಈ ಸಮಸಂಖ್ಯಾ ಪದ್ಧತಿಯನ್ನೇ ಮೂಲನಿಯಮವಾಗಿ ಅಂಗೀಕರಿಸಿತು. ಪಾಯ್ಥನ್ 3 ಎಂಬ ಯಂತ್ರಭಾಷೆಯ 'ರೌಂಡ್' ಕ್ರಿಯೆಯೂ ಎರಡೂವರೆಯನ್ನು 2 ಎನ್ನುವದು. ಸಿ ಭಾಷೆಯ ಅದೇ ಹೆಸರಿನ ಕ್ರಿಯೆಯು 3 ಎನ್ನುವದು. ಆದುದರಿಂದ ಪದ್ಧತಿಯನ್ನು ಆರಿಸುವ ಭಾರವು ಕ್ರಮವನ್ನು ಬರೆಯುವವನ ಮೇಲೆಯೇ ಇರುವದು.

ಆದರೆ ಸಮಸಂಖ್ಯಾ ಪದ್ಧತಿಯೂ ಸರ್ವರೋಗಕ್ಕೆ ಔಷಧವಲ್ಲ. ದಿನಕ್ಕೆ ಹತ್ತಾಣೆ ಕೂಲಿಯೆಂದು ಭಾವಿಸೋಣ. ದಿನದಿನವೂ ಪರಿವರ್ತಿಸಿದರೆ ಅದರಿಂದಲೂ ದಿನಕ್ಕೆ 62ರಂತೆ ಆರು ದಿನಕ್ಕೆ 372 ಪೈಸೆಯೇ ದೊರೆಯುವದು. ವಾರದ 60 ಆಣೆಗಳನ್ನು ಕೂಡಿಸಿ ಒಮ್ಮೆ ಪರಿವರ್ತಿಸಿದರೆ 375. ಮೂರು ಪೈಸೆಯು ಅಲ್ಪವೆಂದು ಧಣಿಗೆ ತೋರಬಹುದು, ಕೂಲಿಯವನಿಗೆ ತೋರಲಾರದು. ಆದಕಾರಣ ಮೊದಲು ಕೂಡಿಸುವದು, ಕಡೆಗೆ ಒಮ್ಮೆ ಮಾತ್ರ ಪೂರ್ಣಾಂಕಕ್ಕೆ ತರುವದು, ಅರ್ಧವು ಯಾರಿಗೆ ಸಂದಿತೆಂಬುದನ್ನು ಮುಚ್ಚಿಡದೆ ಹೇಳುವದು, ಇವು ಮೂರೂ ಲೆಕ್ಕ ಬರೆಯುವವನ ಧರ್ಮವು.