ಬಚ್ಚಲ ಮೂಲೆಯ ಜಿಗಿಹುಳ

ನಮ್ಮ ತುರ್ವಿಹಾಳದ ಕಡೆ ‘ಎಣ್ಣೆ’ ಎಂಬ ಮಾತಿಗೆ ಎರಡು ಅರ್ಥ. ಒಂದು ಒಗ್ಗರಣೆಗೆ ಹಾಕುವುದು, ಇನ್ನೊಂದು ಭತ್ತಕ್ಕೂ ಹತ್ತಿಗೂ ಹೊಡೆಯುವುದು. (ಮೂರನೆಯದೂ ಒಂದಿದೆ, ಅದು ಈ ಬರಹಕ್ಕೆ ಸಂಬಂಧಿಸಿದ್ದಲ್ಲ.) ಹೊಲಕ್ಕೆ ಹೊಡೆದು ಉಳಿದ ಎಣ್ಣೆಯನ್ನು ತಂದು ಬಚ್ಚಲ ಮೂಲೆಗೆ ಸುರಿಯುವ ಮನೆಗಳನ್ನು ನಾನು ಕಂಡಿದ್ದೇನೆ. ಯಾಕೆ ಎಂದರೆ ಒಂದೇ ಉತ್ತರ: “ಚಿಗಟ ಆಗ್ಯಾವ್ರಿ.” ಅದೇ ಬಚ್ಚಲಲ್ಲಿ ಮರುದಿನ ಬೆಳಿಗ್ಗೆ ಮಕ್ಕಳಿಗೆ ಎರೆಯುತ್ತಾರೆ.

ಅದು ಚಿಗಟವಲ್ಲ. ಚಿಗಟ ರಕ್ತ ಹೀರುತ್ತದೆ, ಇದು ಕಚ್ಚುವುದೇ ಇಲ್ಲ. ಮಳೆಗಾಲದಲ್ಲಿ ಮೋರಿಯ ಬಾಯಿಗೆ, ತೊಟ್ಟಿಯ ಬುಡಕ್ಕೆ, ತೇವ ಹಿಡಿದ ಗೋಡೆಗೆ ಬೂದಿ ಉದುರಿಸಿದಂತೆ ಕಾಣುವ, ಬೆರಳು ಹತ್ತಿರ ಹೋದರೆ ಚಿಮ್ಮುವ ಈ ಜೀವಿಗೆ ಇಂಗ್ಲಿಷಿನಲ್ಲಿ ಸ್ಪ್ರಿಂಗ್‌ಟೇಲ್ ಎನ್ನುತ್ತಾರೆ. ಕನ್ನಡದಲ್ಲಿ ಜಿಗಿಹುಳ ಎಂದರೆ ಸಾಕು ಎಂದು ನನ್ನ ಎಣಿಕೆ. ಉದ್ದ ಒಂದೆರಡು ಮಿಲಿಮೀಟರ್. ಹೊಟ್ಟೆಯ ಕೆಳಗೆ ಕವಲೊಡೆದ ಒಂದು ಬಾಲವನ್ನು ಮಡಚಿ ಕೊಂಡಿಗೆ ಸಿಕ್ಕಿಸಿಕೊಂಡಿರುತ್ತದೆ. ಬೆದರಿದಾಗ ಕೊಂಡಿ ಬಿಚ್ಚಿ, ಬಾಲ ನೆಲಕ್ಕೆ ಬಡಿದು, ಹುಳ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ರೆಕ್ಕೆ ಇಲ್ಲ. ಆರು ಕಾಲಿದ್ದರೂ ಇದನ್ನು ಕೀಟಗಳ ಸಾಲಿನಿಂದ ಹೊರಗಿಟ್ಟು ಬೇರೆ ಪಂಕ್ತಿ ಹಾಕಿದ್ದಾರೆ. ತಿನ್ನುವುದು ಬೂಷ್ಟು, ಕೊಳೆತ ಎಲೆ, ಪಾಚಿ.

ಈ ಹುಳದ ಬೆನ್ನು ಹತ್ತಿ ಓದುತ್ತಾ ಹೋದಾಗ ನನಗೆ ಎದುರಾದದ್ದು ಜಾನ್ ಲಬಕ್ ಎಂಬ ಹೆಸರು. ಇತಿಹಾಸ ಓದಿದವರಿಗೆ ಇದು ಪರಿಚಿತ ಹೆಸರೇ. ಲಂಡನ್ನಿನ ಬ್ಯಾಂಕರ್, ಡಾರ್ವಿನ್ನನ ನೆರೆಮನೆಯ ಹುಡುಗ. 1865ರಲ್ಲಿ ಬರೆದ ಪುಸ್ತಕದಲ್ಲಿ ಶಿಲಾಯುಗವನ್ನು ಹಳೆಯದು, ಹೊಸದು ಎಂದು ಎರಡಾಗಿ ಒಡೆದು ಹೆಸರಿಟ್ಟವನು. ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ ‘ನವಶಿಲಾಯುಗ’ ಅವನ ಪದದ ಕನ್ನಡ. ಅವನೇ 1873ರಲ್ಲಿ ಜಿಗಿಹುಳಗಳ ಮೇಲೆ ದೊಡ್ಡದೊಂದು ಗ್ರಂಥ ಪ್ರಕಟಿಸಿದ. ಲಿನೇಯಸ್ 1758ರಲ್ಲಿ ಇವನ್ನು ‘ಪೊಡ್ಯೂರ’ ಎಂದು ಕರೆದಿದ್ದ. ಬಾಲವೇ ಕಾಲಾದದ್ದು ಎಂಬ ಅರ್ಥ. ಲಬಕ್ ಈ ಇಡೀ ಗುಂಪಿಗೆ ‘ಕೊಲೆಂಬೊಲ’ ಎಂದು ಹೆಸರಿಟ್ಟ. ಗ್ರೀಕಿನಲ್ಲಿ ಅಂಟು ಮತ್ತು ಗೂಟ ಎಂಬ ಎರಡು ಪದ ಕೂಡಿಸಿದ್ದು. ಹೊಟ್ಟೆಯ ಕೆಳಗಿರುವ ಒಂದು ಗೂಟದಂಥ ಕೊಳವೆ ಅಂಟಿಕೊಳ್ಳಲು ಇರುವುದು ಎಂದು ಆಗ ತಿಳಿದಿದ್ದರು. ಅದರ ಮುಖ್ಯ ಕೆಲಸ ನೀರು ಹೀರುವುದು ಎಂದು ಆಮೇಲೆ ಗೊತ್ತಾಯಿತು.

ನವಶಿಲಾಯುಗದ ನೆಲೆಗಳಿಗೆ ನಮ್ಮ ದೋಆಬ್ ಹೆಸರಾದದ್ದು. ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕಿತು ಎಂಬುದು ಎಲ್ಲರಿಗೂ ಗೊತ್ತು. 1954ರಲ್ಲಿ ಅಲ್ಲಿ ಬಿ. ಕೆ. ಥಾಪರ್ ಅಗೆದದ್ದು, ಅದಕ್ಕೂ ಎರಡು ವರ್ಷ ಮೊದಲು ಲಿಂಗಸುಗೂರು ಸೀಮೆಯ ಪಿಕ್ಲಿಹಾಳದಲ್ಲಿ ಆಲ್ಚಿನ್ ಅಗೆದದ್ದು ಅಷ್ಟು ಗೊತ್ತಿಲ್ಲ. ಆ ಅಗೆತಗಳ ವರದಿಗಳಲ್ಲಿ ಲಬಕ್‌ನ ಪದ ಮತ್ತೆ ಮತ್ತೆ ಬರುತ್ತದೆ. ಅವನ ಇನ್ನೊಂದು ಪದದ ಜೀವಿ ಅಲ್ಲಿಯ ಮಣ್ಣಲ್ಲೇ ಹರಿದಾಡುತ್ತಿದ್ದೀತು. ಅಗೆಯುವವರಿಗೆ ಅದು ಬೇಕಾದ ವಸ್ತುವಲ್ಲ, ಬಿಡಿ.

ಮನುಷ್ಯನ ಲೆಕ್ಕದ ಯುಗಗಳು ಈ ಹುಳಕ್ಕೆ ತೀರಾ ಚಿಕ್ಕವು. ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಕಲ್ಲಿನಲ್ಲಿ ಸುಮಾರು 40 ಕೋಟಿ ವರ್ಷ ಹಿಂದಿನ ಜಿಗಿಹುಳದ ಪಳೆಯುಳಿಕೆ ಸಿಕ್ಕಿದೆ. 1926ರಲ್ಲಿ ಅದನ್ನು ವರ್ಣಿಸಿ ಬರೆದ ಇಬ್ಬರಲ್ಲಿ ಒಬ್ಬರು ಹರ್ಸ್ಟ್, ಇನ್ನೊಬ್ಬರು ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ದೇಶದವರೇ ಆದ ಮೌಲಿಕ್. ಅದಕ್ಕೂ ಮೊದಲು, 1912ರಲ್ಲಿ, ಎ. ಡಿ. ಇಮ್ಸ್ ಎಂಬ ಕೀಟಶಾಸ್ತ್ರಜ್ಞ ಭಾರತ, ಬರ್ಮಾ, ಸಿಲೋನಿನ ಜಿಗಿಹುಳಗಳ ಬಗ್ಗೆ ಬರೆದಿದ್ದ.

ಇಷ್ಟು ಹಳೆಯ ಜೀವಿ ನಮ್ಮ ಮನೆಯೊಳಗೆ ಇಷ್ಟು ಸಲೀಸಾಗಿ ಓಡಾಡುವುದು ಮಾತ್ರ ಹೊಸತು. ಇಲ್ಲಿಯೇ ನನಗೆ ಕುತೂಹಲ. ನಮ್ಮದು ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆಯ ಎರೆನೆಲ, ಜೋಳ ಹತ್ತಿಗಳ ಸೀಮೆ. ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಮಾಳಿಗೆಯ ಮೇಲೆ ಹರಡುತ್ತಿದ್ದದ್ದು ಸವಳು ಮಣ್ಣು. ಈ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೆನೆದೊಡನೆ ಅದರ ಜೇಡಿಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚುತ್ತವೆ, ನೀರು ಕೆಳಗಿಳಿಯುವುದಿಲ್ಲ. ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ ತುಳಿದರೆ ಮಾಳಿಗೆ ಸೋರುತ್ತಿರಲಿಲ್ಲ. ನೀರು ಹೊತ್ತು ತರಬೇಕಾದ್ದರಿಂದ ಬಚ್ಚಲಿಗೆ ಬೀಳುತ್ತಿದ್ದದ್ದು ಕೊಡ ಎರಡು ಕೊಡ. ಜಿಗಿಹುಳದ ಚರ್ಮ ತೆಳು, ಒಣಗಾಳಿಯಲ್ಲಿ ಬೇಗ ಸಾಯುತ್ತದೆ. ಅಂಥ ಮನೆಯಲ್ಲಿ ಅದಕ್ಕೆ ಜಾಗ ಕಡಿಮೆ.

1945ರ ಫೆಬ್ರವರಿ 28ರಂದು ತುಂಗಭದ್ರೆಗೆ ಅಡಿಗಲ್ಲು ಬಿತ್ತು, ನಮ್ಮ ದಂಡೆಯಲ್ಲಿ ಹೈದರಾಬಾದಿನ ಯುವರಾಜ, ಆಚೆ ದಂಡೆಯಲ್ಲಿ ಮದ್ರಾಸಿನ ಗವರ್ನರ್. 1953ರಲ್ಲಿ ನೀರು ಬಿಟ್ಟರು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಸಿಂಧನೂರು ಸೀಮೆಯ ಚಹರೆಯನ್ನೇ ಬದಲಿಸಿತು. ಯೋಜನೆ ಹಾಕಿದವರ ಲೆಕ್ಕದಲ್ಲಿ ಇದು ಬರ ತಡೆಯುವ ತೆಳು ನೀರಾವರಿ. ಭತ್ತಕ್ಕೆ ಸಣ್ಣ ಪಾಲು. ಆದದ್ದು ಬೇರೆ. ಆಂಧ್ರದ ರೈತರ ಕ್ಯಾಂಪುಗಳು ಬಂದವು, ಭತ್ತ ಬಂತು, ಎರಡೆರಡು ಬೆಳೆ ಬಂತು. ನೆಲದಡಿಯ ನೀರು ಮೇಲಕ್ಕೇರಿತು. ಜೌಗು ಮತ್ತು ಸವಳು ಹಿಡಿದ ನೆಲವನ್ನು ಸುಧಾರಿಸುವುದು ಹೇಗೆಂದು ಗಂಗಾವತಿಯಲ್ಲಿ ದಶಕಗಳಿಂದ ಸಂಶೋಧನೆ ನಡೆಯುತ್ತಲೇ ಇದೆ. ಮಾಳಿಗೆಯ ಮೇಲಿದ್ದು ಮನೆ ಕಾಯುತ್ತಿದ್ದ ಸವಳು ಈಗ ಹೊಲದಲ್ಲಿ ಬೆಳೆ ಸುಡುತ್ತದೆ. ಗೋಡೆಯ ಬುಡದಿಂದ ತೇವದ ಜೊತೆ ಮೇಲೇರಿ ಸಿಮೆಂಟಿನ ಗಿಲಾವನ್ನು ಉದುರಿಸುತ್ತದೆ. ಆರ್‌ಸಿಸಿ ಮನೆ, ಮನೆಯೊಳಗೇ ನಲ್ಲಿ, ಕಿಟಕಿಯಿಲ್ಲದ ಅಟ್ಯಾಚ್ಡ್ ಬಚ್ಚಲು. ಜಿಗಿಹುಳಕ್ಕೆ ಇದಕ್ಕಿಂತ ಬೇರೆ ಬೇಕೇ?

ನೀರು ಬಂದದ್ದು ಕೆಟ್ಟದ್ದೆಂದು ನಾನು ಹೇಳಲಾರೆ. ಆ ನೀರಿನ ಅನ್ನವನ್ನೇ ಉಂಡವನು. ಆದರೆ ಕೀಟವೆಂದು ನಾವು ಕೊಲ್ಲಲು ಹೊರಟಿರುವುದು ತೇವದ ಗುರುತನ್ನು. ವಿಷ ಕಣ್ಣಿಗೆ ಕಂಡ ಹುಳವನ್ನು ಕೊಲ್ಲುತ್ತದೆ. ಮೋರಿಯೊಳಗೆ, ಟೈಲ್ಸಿನ ಕೆಳಗೆ ಇರುವುದು ನಾಲ್ಕು ದಿನಕ್ಕೆ ಮತ್ತೆ ಮೇಲೆ ಬರುತ್ತದೆ. ಇನ್ನೊಂದು ಅಪಾಯವೂ ಇದೆ. ಡಿಡಿಟಿ ಕಾಲದಲ್ಲಿ, 1950ರ ದಶಕದಲ್ಲಿ, ಇಂಗ್ಲೆಂಡಿನ ಹೊಲಗಳಲ್ಲಿ ಕಂಡದ್ದು ಇದು: ಡಿಡಿಟಿ ಬಿದ್ದ ಮಣ್ಣಿನಲ್ಲಿ ಜಿಗಿಹುಳ ಕಡಿಮೆಯಾಗುವ ಬದಲು ಹೆಚ್ಚಾದವು. ಅವನ್ನು ಹಿಡಿದು ತಿನ್ನುವ ನುಸಿಗಳು ಮೊದಲು ಸತ್ತಿದ್ದವು. ಭತ್ತದ ಗದ್ದೆಯಲ್ಲೂ ಜಿಗಿಹುಳ ಜೇಡಗಳಿಗೆ ಆಹಾರ. ಬೆಳೆ ಎಳೆಯದಿದ್ದಾಗ ಜೇಡ ಇವನ್ನು ತಿಂದು ಬದುಕಿದ್ದರೆ ತಾನೇ ಮುಂದೆ ಜಿಗಿಹುಳುವಿನ ಬದಲು ಭತ್ತದ ಶತ್ರುಗಳನ್ನು ಹಿಡಿದೀತು?

ಹಾಗಾದರೆ ಏನು ಮಾಡಬೇಕು ಎಂದು ಕೇಳುವವರಿಗೆ ನಾನು ಹೇಳುವುದು ಗೌಂಡಿಯ ಕೆಲಸ. ಬಚ್ಚಲ ನೆಲಕ್ಕೆ ಇಳಿಜಾರು ಸರಿಯಾಗಿರಲಿ, ನೀರು ನಿಲ್ಲಬಾರದು. ಸೋರುವ ನಲ್ಲಿಗೆ ವಾಷರ್ ಹಾಕಿಸಿ. ಟೈಲ್ಸಿನ ಸಂದು ಬಿಟ್ಟಿದ್ದರೆ ಮುಚ್ಚಿಸಿ. ಗಾಳಿ ಆಡಲು ಒಂದು ಕಿಂಡಿ ಬೇಕು, ಹಳೆಯ ಮನೆಗಳ ಬೆಳಕಿಂಡಿ ಆ ಕೆಲಸ ಮಾಡುತ್ತಿತ್ತು. ಗೋಡೆಗೆ ತಾಗಿ ಒಟ್ಟಿದ ಕಟ್ಟಿಗೆ, ಹುಲ್ಲು, ಕೊಳೆತ ಚೀಲ ದೂರ ಹೋಗಲಿ. ಕುಂಡದ ಮಣ್ಣು ಮೇಲೆ ಒಣಗಿದ ಮೇಲಷ್ಟೇ ನೀರು ಹಾಕಿ. ಕಂಡ ಹುಳಕ್ಕೆ ಸಾಬೂನಿನ ನೀರು, ಒರೆಸುವ ಬಟ್ಟೆ ಸಾಕು. ಚಿಗಟವೋ ಜಿಗಿಹುಳವೋ ಎಂಬ ಅನುಮಾನವಿದ್ದರೆ ಬಿಳಿ ಕಾಗದದ ಮೇಲೆ ಒಂದನ್ನು ಹಿಡಿದು ನೋಡಿ: ಚಿಗಟ ಕೆಂಪುಕಂದು, ಪಕ್ಕದಿಂದ ಅದುಮಿದಂತೆ ಚಪ್ಪಟೆ, ಹಿಂಗಾಲು ಉದ್ದ. ಇದು ಬೂದು, ಮೆತ್ತಗೆ.

ಒಣ ಕಸದ ಜೊತೆ ಗುಡಿಸಿದ್ದನ್ನು ಅವ್ವ ಹಿತ್ತಲ ತಿಪ್ಪೆಗೆ ಹಾಕುತ್ತಾಳೆ. ಜಿಗಿಹುಳಗಳು ಅಲ್ಲಿ ಎಲೆ, ಸಗಣಿ, ಬೂಷ್ಟು ತಿಂದು ಗೊಬ್ಬರ ಮಾಡುವ ಕೆಲಸಕ್ಕೆ ಕೈ ಹಚ್ಚುತ್ತವೆ. ಉಗಾದಿ ಕಳೆದ ಮೇಲೆ ಆ ಗೊಬ್ಬರ ಹೊಲಕ್ಕೆ ಹೋಗುತ್ತದೆ.