ಯಾರ ಕೈಯ ಊಟ?

ಸಹಭೋಜನದ ಫೋಟೋಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಯೂನಿವರ್ಸಿಟಿಯ ವಿಚಾರ ಸಂಕಿರಣದಲ್ಲಿ, ಜಯಂತಿಯ ದಿನ ಕಚೇರಿಯ ಮುಂದೆ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಯಾರು ಯಾರು ಕೂತರು ಅಂತ ಪತ್ರಿಕೆಯಲ್ಲಿ ಬರುತ್ತದೆ. ಒಲೆ ಹಚ್ಚಿದವರು ಯಾರು, ಬಡಿಸಿದ ಕೈ ಯಾರದು ಅಂತ ಬರೆಯುವವರಿಲ್ಲ. ನಮ್ಮ ಗಡಿಸೀಮೆಯ ಇತಿಹಾಸ ಓದಿದರೆ ಕೇಳಬೇಕಾದ್ದು ಈ ಪ್ರಶ್ನೆಯನ್ನೇ.

ಚಿಕ್ಕೋಡಿ, ನಿಪ್ಪಾಣಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಗಡಿ ಇದ್ದದ್ದು ಕಾಗದದ ಮೇಲೆ. ನಿಪ್ಪಾಣಿಯವರು ಕೊಲ್ಲಾಪುರಕ್ಕೆ, ಕಾಗವಾಡದವರು ಮಿರಜಿಗೆ ಸಂತೆ, ಬೀಗಸ್ತನ ಅಂತ ಹೋಗಿಬರುತ್ತಿದ್ದರು. ಮುಟ್ಟುಚಟ್ಟು ಎರಡೂ ಕಡೆ ಒಂದೇ.

ಕೊಲ್ಲಾಪುರದ ಶಾಹೂ ಮಹಾರಾಜರು 1902ರಲ್ಲೇ ಹಿಂದುಳಿದವರಿಗೆ ನೌಕರಿಯಲ್ಲಿ ಶೇ. 50 ಮೀಸಲಿಟ್ಟವರು. 1919ರಲ್ಲಿ ಅಸ್ಪೃಶ್ಯರ ಬೇರೆ ಶಾಲೆಗಳನ್ನು ಮುಚ್ಚಿಸಿ, ಮಕ್ಕಳೆಲ್ಲ ಒಂದೇ ಶಾಲೆಯಲ್ಲಿ ಕೂಡಬೇಕೆಂದು ಆಜ್ಞೆ ಮಾಡಿದರು. 1920ರ ಮಾರ್ಚ್ 21-22ರಂದು ಮಾಣಗಾವದಲ್ಲಿ ಅಸ್ಪೃಶ್ಯರ ಪರಿಷತ್ತು ನಡೆಯಿತು. ಅಧ್ಯಕ್ಷರು ಇನ್ನೂ 28ರ ತರುಣ ಅಂಬೇಡ್ಕರ್. ಶಾಹೂ ಅಲ್ಲಿಗೆ ಬಂದು, ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆ ಎಂಬರ್ಥದ ಮಾತಾಡಿದರು. ತಮ್ಮ ರಜಪೂತವಾಡಿ ಬಿಡಾರಕ್ಕೆ ಊಟಕ್ಕೆ ಬರಬೇಕೆಂದು ತುಂಬಿದ ಸಭೆಯಲ್ಲೇ ಅಂಬೇಡ್ಕರರನ್ನು ಕರೆದರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಆದರೂ ಅದು ರಾಜನ ಮನೆಯ ಊಟ. ಕೊಡುವ ಕೈ ಮೇಲೆ, ತಗೊಳ್ಳುವ ಕೈ ಕೆಳಗೆ.

ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಗಂಗಾರಾಮ ಕಾಂಬಳೆಯ ಚಹಾದಂಗಡಿ. ಅರಮನೆಯಲ್ಲಿ ದುಡಿಯುತ್ತಿದ್ದ ಗಂಗಾರಾಮ ನೀರಿನ ಹೌದು ಮುಟ್ಟಿದ ಅಂತ ಮೇಲಿನವರು ಬಡಿದರು. ಶಾಹೂ ಬಡಿದವರನ್ನು ಶಿಕ್ಷಿಸಿ, ಗಂಗಾರಾಮನಿಗೆ ಹಣ ಕೊಟ್ಟು ಕೊಲ್ಲಾಪುರದ ಬೀದಿಯಲ್ಲೇ ಹೋಟೆಲು ಹಾಕಿಸಿದರು. ಅಸ್ಪೃಶ್ಯನ ಚಹಾ ಕುಡಿಯಲು ಗಿರಾಕಿ ಬರಲಿಲ್ಲ. ಆಗ ರಾಜ ತಾನೇ ಗಾಡಿ ನಿಲ್ಲಿಸಿ ಚಹಾ ತರಿಸಿ ಕುಡಿದ, ಜೊತೆಗಿದ್ದ ಮೇಲ್ಜಾತಿಯವರಿಗೂ ಕುಡಿಸಿದ ಎಂದು ಕೊಲ್ಲಾಪುರದ ಕಡೆ ಇವತ್ತಿಗೂ ಹೇಳುತ್ತಾರೆ. ಇಲ್ಲಿ ಒಲೆ ದಲಿತನದು, ಕಪ್ಪು-ಬಸಿ ದಲಿತನದು, ರೊಕ್ಕ ಎಣಿಸಿಕೊಳ್ಳುವ ಕೈಯೂ ದಲಿತನದು. ರಾಜ ಗಿರಾಕಿ!

1922ರಲ್ಲಿ ಶಾಹೂ ತೀರಿಕೊಂಡರು. ರಾಜನ ದಯೆ ರಾಜನ ಜೊತೆಗೇ ಹೋಗುತ್ತದೆ, ಹಕ್ಕು ನಾವೇ ಗಳಿಸಬೇಕು. 1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಯಲ್ಲೇ ಮುಂಬಯಿ ಪ್ರಾಂತದ ಅಸ್ಪೃಶ್ಯರ ಪರಿಷತ್ತು ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಕೂಡಿತು. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದರು. 1936ರ ‘ಜಾತಿ ವಿನಾಶ’ದಲ್ಲಿ ಅವರು ಸ್ಪಷ್ಟವಾಗಿಯೇ ಬರೆದರು: ಬರೀ ಸಹಭೋಜನದಿಂದ ಜಾತಿ ಸಾಯುವುದಿಲ್ಲ, ರಕ್ತಸಂಬಂಧ ಬೆಳೆಯಬೇಕು, ಜಾತಿಯನ್ನು ಪವಿತ್ರವೆಂದು ಹೇಳುವ ಶಾಸ್ತ್ರದ ಅಧಿಕಾರ ಮುರಿಯಬೇಕು.

ಅಮೆರಿಕದ ಗ್ರೀನ್ಸ್‌ಬರೊದಲ್ಲಿ 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರ ಊಟದ ಕೌಂಟರಿನಲ್ಲಿ ಕೂತು ಏಳಲಿಲ್ಲ. ಆ ಅಂಗಡಿಯ ಅಡುಗೆಗೆ ಕಪ್ಪು ಹೆಣ್ಣುಮಕ್ಕಳ ಕೈ ಬೇಕಿತ್ತು, ಪಕ್ಕದಲ್ಲಿ ಕೂತು ಉಣ್ಣುವುದು ಬೇಡವಾಗಿತ್ತು. ನಮ್ಮಲ್ಲಿ ಪಕ್ಕದಲ್ಲಿ ಕೂತಾರು, ನಮ್ಮ ಕೈಯ ರೊಟ್ಟಿ ಒಲ್ಲೆ ಅಂತಾರೆ.

ಸುಳ್ಳೇನ್ರಿ? ಶಾಲೆಯ ಬಿಸಿಯೂಟವನ್ನೇ ನೋಡಿ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟು 2004ರ ಏಪ್ರಿಲ್‌ನಲ್ಲಿ ಆದೇಶ ಮಾಡಿತು. ಆಮೇಲೂ ದಲಿತ ಹೆಂಗಸು ಅಡುಗೆ ಮಾಡಿದಳೆಂದು ಮಕ್ಕಳ ಕೈಗೆ ಮನೆಯ ಬುತ್ತಿ ಕೊಟ್ಟು ಕಳಿಸಿದ ಊರುಗಳು ಕರ್ನಾಟಕದಲ್ಲೇ ಇವೆ. ಸಂವಿಧಾನದ 17ನೇ ವಿಧಿ, 1955ರ ಕಾಯಿದೆ, 1989ರ ಕಾಯಿದೆ ಎಲ್ಲವೂ ಇರುವಾಗಲೇ ಇದು ನಡೆಯುತ್ತದೆ.

ಹಳ್ಳಿಯ ಮಾಸ್ತರ ಗೆಳೆಯರೇ, ಅಕ್ಕೋರೇ, ನಿಮ್ಮ ಶಾಲೆಯ ಒಲೆಯ ಮುಂದೆ ಯಾರಿದ್ದಾರೆ? ದಲಿತ ತಾಯಿಯೊಬ್ಬಳು ಅಲ್ಲಿದ್ದರೆ, ಮೊದಲ ತುತ್ತು ಮಕ್ಕಳೆದುರಿಗೆ ನೀವೇ ಉಣ್ಣಿರಿ. ಇಲ್ಲದಿದ್ದರೆ ಯಾಕಿಲ್ಲ ಅಂತ ಪಂಚಾಯತಿಯಲ್ಲಿ ಕೇಳಿರಿ. ಕೇಳುವಾಗ ನಾವೂ ನಿಮ್ಮ ಜೊತೆ ಬರುತ್ತೇವೆ.