ಸೇಂದಿ ನಿಂತಾಗ

ಹೈದರಾಬಾದಿಗೆ ಬಂದು ನೆಲೆಸಿದ ನಾವು ಕಳ್ಳನ್ನು ಇಲ್ಲಿಯವರಂತೆ ‘ಸೇಂದಿ’ ಎನ್ನಲು ಕಲಿತೆವು. ಈಚಲು, ತಾಳೆ ಮರಗಳ ರಸ ತಾನಾಗಿ ಹುಳಿಯೇರಿ ಸೇಂದಿಯಾಗುತ್ತದೆ. ಮರಗಳು ಸಾಲದೆ ಕುಡಿಯುವವರು ಹೆಚ್ಚಿದಂತೆ ಅದಕ್ಕೆ ನೀರು ಬೆರೆಯಿತು. ಅಮಲಿಗೆಂದು ಪುಡಿಯೂ ಬೆರೆಯಿತು. ನಮ್ಮ ರಾಯಚೂರಿನವರೂ ಬಲ್ಲ ಸಿ.ಎಚ್. ಪುಡಿಯೆಂದರೆ ಕ್ಲೋರಲ್ ಹೈಡ್ರೇಟ್. 1832ರಲ್ಲಿ ಲೀಬಿಗ್ ತಯಾರಿಸಿದ ಈ ವಸ್ತು 1869ರಲ್ಲಿ ನಿದ್ರೆಯ ಮದ್ದಾಯಿತು. ಮುಂದೆ ಡಯಜೆಪಾಮ್, ಆಲ್ಪ್ರಜೋಲಾಮ್‌ಗಳೂ ಸೇಂದಿಗೆ ಇಳಿದವು.

ನಗರದಲ್ಲಿ ಕೆಲ ವರ್ಷ ಮುಚ್ಚಿದ್ದ ಸೇಂದಿ ಅಂಗಡಿಗಳು 2014ರಲ್ಲಿ ಮತ್ತೆ ತೆರೆದವು. 2015ರ ಸೆಪ್ಟೆಂಬರಿನಲ್ಲಿ ಸರ್ಕಾರ ಕಲಬೆರಕೆಯನ್ನು ಬಿಗಿಯಾಗಿ ತಡೆದಾಗ ನಿಜಾಮಾಬಾದ್, ಮಹಬೂಬ್‌ನಗರ ಜಿಲ್ಲೆಗಳ ಆಸ್ಪತ್ರೆಗಳು ತುಂಬಿದವು. ನಡುಕ, ಫಿಟ್ಸು, ಭ್ರಾಂತಿ, ಸಾವುಗಳೂ ಆದವು. 2020ರ ಲಾಕ್‌ಡೌನಿನಲ್ಲಿ ಹೆಂಡ, ಸೇಂದಿ ಸಿಗದವರು ಎರ್ರಗಡ್ಡದ ಮಾನಸಿಕ ಆಸ್ಪತ್ರೆಗೆ ಸಾಲುಗಟ್ಟಿದರು.

ಕಲಬೆರಕೆ ತಡೆದದ್ದು ತಪ್ಪಲ್ಲ. ಆದರೆ ಮದ್ದಿಗೆ ಮೈ ಒಗ್ಗಿದವನಿಗೆ ಅದು ಒಮ್ಮೆಲೇ ನಿಂತರೆ ಪ್ರಾಣಕ್ಕೇ ಅಪಾಯ. ವೈದ್ಯರು ಅದೇ ಜಾತಿಯ ಮಾತ್ರೆ ಕೊಟ್ಟು, ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸುತ್ತಾರೆ. ಹಾನಿ ತಗ್ಗಿಸುವ ದಾರಿಗಳಲ್ಲಿ ಇದೂ ಒಂದು. ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಚಟ ಬಿಡಿಸಲು ಹೊರಡುವವರು ನಮ್ಮಲ್ಲೂ ಉಂಟು. ಬೀಗ ಹುಡುಕುವ ಮೊದಲು ವೈದ್ಯರ ಬಾಗಿಲು ತಟ್ಟೋಣ.